ಸಿಎಂಎಲ್ ಎಂಬ ರಕ್ತದ ಕ್ಯಾನ್ಸರ್‌ಗೆ ದಿನಾ ಇಮ್ಯಾಟಿನಿಬ್ ಮಾತ್ರೆ ಕೊಡುತ್ತಾರಲ್ಲ, ಅದು ಹೇಗೆ ಕೆಲಸ ಮಾಡುತ್ತದೆ?

ಈ ಕ್ಯಾನ್ಸರ್‌ನಲ್ಲಿ ಒಂದು ಟೈರೋಸಿನ್ ಕೈನೇಸ್ ಸದಾ ಆನ್ ಆಗಿಯೇ ಇರುತ್ತದೆ, ಮಾತ್ರೆ ಅದನ್ನು ತಡೆಯುತ್ತದೆ.

ಟೈರೋಸಿನ್ ಕೈನೇಸ್ ಅಂದರೆ ಜೀವಕೋಶದೊಳಗಿನ ಸ್ವಿಚ್ಚಿನಂಥ ಪ್ರೋಟೀನು. ಎಟಿಪಿ ಎಂಬ ಶಕ್ತಿಯ ಅಣುವಿನಿಂದ ಒಂದು ಫಾಸ್ಫೇಟ್ ಚೂರು ಕಿತ್ತು ಇನ್ನೊಂದು ಪ್ರೋಟೀನಿಗೆ ಅಂಟಿಸುತ್ತದೆ. ಕೋಶಕ್ಕೆ 'ಬೆಳೆ, ಎರಡಾಗು' ಅನ್ನುವ ಸೂಚನೆ ಹೋಗುವುದು ಹೀಗೆ. ಕೆಲಸ ಮುಗಿದ ಮೇಲೆ ಸ್ವಿಚ್ಚು ಆಫ್ ಆಗಬೇಕು. ಆದರೆ ಸಿಎಂಎಲ್‌ನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತುಂಡಾಗಿ, ತುಂಡುಗಳು ಅದಲುಬದಲಾಗಿ ಸೇರಿಕೊಂಡು, ಬಿಸಿಆರ್-ಏಬಲ್ ಎಂಬ ಬೆರಕೆ ಕೈನೇಸ್ ಹುಟ್ಟುತ್ತದೆ. ಇದು ಆಫ್ ಆಗುವುದೇ ಇಲ್ಲ, ಬಿಳಿ ರಕ್ತಕಣಗಳು ಜಾಸ್ತಿಯಾಗುತ್ತಲೇ ಹೋಗುತ್ತವೆ.

ಎಟಿಪಿ ಬಂದು ಕೂರಲು ಆ ಕೈನೇಸಿನಲ್ಲಿ ಒಂದು ಸಣ್ಣ ಗುಳಿ ಇದೆ. ಇಮ್ಯಾಟಿನಿಬ್ ಆ ಜಾಗ ಹಿಡಿದು ಕೂತುಬಿಡುತ್ತದೆ. ಎಟಿಪಿಗೆ ಜಾಗವೇ ಇಲ್ಲದಿದ್ದರೆ ಸೂಚನೆ ಹೋಗುವುದಾದರೂ ಹೇಗೆ, ಅಲ್ವಾ? ಮಾಮೂಲಿ ಕೀಮೋ ವೇಗವಾಗಿ ಬೆಳೆಯುವ ಒಳ್ಳೆಯ ಕೋಶಗಳನ್ನೂ ಹೊಡೆಯುತ್ತದೆ, ಇದರ ಏಟು ಬೀಳುವುದು ಹೆಚ್ಚಾಗಿ ಕೆಟ್ಟ ಕೋಶಗಳ ಮೇಲೆ. 2001ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ ಈ ಔಷಧಿ ಎಷ್ಟೋ ಜನರ ಜೀವ ಉಳಿಸಿದೆ. ಹುಷಾರಾಯಿತು ಅಂತ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ದಯವಿಟ್ಟು.

ಕೆಲವರಲ್ಲಿ ಆ ಗುಳಿಯ ಆಕಾರವೇ ಬದಲಾಗಿ ಮಾತ್ರೆ ಹಿಡಿಯುವುದಿಲ್ಲ, ಆಗ ಡಾಸಾಟಿನಿಬ್ ಅಥವಾ ಪೊನಾಟಿನಿಬ್‌ನಂಥ ಬೇರೆ ಮಾತ್ರೆಗಳಿವೆ.