ಮೊದಲ ಗಿಟಾರಿಗೆ ಫ್ಲಾಯ್ಡ್ ರೋಸ್ ಬೇಡ

ಮಂಗಳೂರಿನಲ್ಲಿದ್ದೀರಿ, ಮೊದಲ ಎಲೆಕ್ಟ್ರಿಕ್ ಗಿಟಾರ್, ಫ್ಲಾಯ್ಡ್ ರೋಸ್ ಬ್ರಿಜ್ (ತಂತಿಗಳ ಬುಡ ಹಿಡಿದಿಡುವ, ಹಿಡಿಕೆಯಿಂದ ಅಲುಗಾಡಿಸಬಹುದಾದ ಭಾಗ) ಇರುವುದನ್ನೇ ತಗೊಳ್ಳಲಾ ಎಂದು ಕೇಳಿದ್ದೀರಿ. ಬೇಡ. ಅದರಲ್ಲಿ ಹಿಂದಿನ ಸ್ಪ್ರಿಂಗು, ಮುಂದಿನ ತಂತಿ ಎರಡರ ಎಳೆತವೂ ಸರಿಸಮ ಇರಬೇಕು. ಒಂದು ತಂತಿಯ ಶ್ರುತಿ ಬದಲಿಸಿದರೆ ಉಳಿದ ಐದೂ ಜಾರುತ್ತವೆ. ಕಲಿಯುವ ಹೊತ್ತೆಲ್ಲ ಸುಮ್ನೆ ಶ್ರುತಿ ಮಾಡುವುದಕ್ಕೇ ಹೋಗುತ್ತದೆ. ಅಲುಗಾಡದ ಬ್ರಿಜ್ ಸಾಕು.

ಇದ್ದ ದುಡ್ಡನ್ನೆಲ್ಲ ಗಿಟಾರಿಗೇ ಸುರಿಯಬೇಡಿ. ದನಿ ಜೋರು ಮಾಡುವ ಆಂಪ್, ಕೇಬಲ್, ಶ್ರುತಿ ನೋಡುವ ಟ್ಯೂನರ್ ಕೂಡ ಬೇಕಲ್ವಾ? ತೆಳು ತಂತಿಗಳ 9-42 ಸೆಟ್ (ಇಂಚಿನ ಸಾವಿರದಲ್ಲಿ 9ರಿಂದ 42 ಭಾಗ ದಪ್ಪ) ಹಾಕಿಸಿ, ಬೆರಳು ಕಡಿಮೆ ನೋಯುತ್ತದೆ. ಹೊಸ ತಂತಿ ಮೊದಮೊದಲು ಶ್ರುತಿ ಬಿಡುತ್ತದೆ, ಗಾಬರಿ ಬೇಡ.

ನಿಮ್ಮೂರಿನ ಸೆಕೆಗೆ ಬೆವರು ಜಾಸ್ತಿ, ತಂತಿಗೆ ಬೇಗ ತುಕ್ಕು. ನುಡಿಸಿದ ಮೇಲೆ ಹಳೇ ಬನಿಯನ್‌ನಿಂದ ತಂತಿಯ ಅಡಿಯನ್ನೂ ಒರೆಸಿ. ಒಂದು ಮಳೆಗಾಲ ಸೋಮಾರಿತನ ಮಾಡಿ ನಾನು ಪೂರ್ತಿ ಸೆಟ್ ಬಿಸಾಡಿದ್ದೇನೆ.