ಒಂದೇ ಮಿಷನ್, ಇಬ್ಬರಿಗೆ ಬುಕ್ಕಿಂಗ್

ಪ್ರಶ್ನೆ: ಮೆಕ್ಕೆಜೋಳ ಒಕ್ಕುವ ಮೂರು ಮಿಷನ್ ಬಾಡಿಗೆಗೆ ಬಿಡುತ್ತೇವೆ. ಬುಕ್ಕಿಂಗ್ ಎಲ್ಲ ಎಕ್ಸೆಲ್‌ನಲ್ಲಿದೆ, ಸುಮಾರು 200 ಸಾಲು. ಒಂದೇ ಹೊತ್ತಿಗೆ ಒಂದೇ ಮಿಷನ್ ಇಬ್ಬರಿಗೆ ಬುಕ್ ಆಗಿಬಿಡುತ್ತದೆ. ಆರಂಭದ ವೇಳೆ ಪ್ರಕಾರ ಸಾರ್ಟ್ ಮಾಡಿ, ಪ್ರತಿ ಸಾಲನ್ನು ಮೇಲಿನ ಸಾಲಿನ ಜೊತೆ ತಾಳೆ ನೋಡಿದರೂ ಕೆಲವು ತಪ್ಪಿಸಿಕೊಳ್ಳುತ್ತವೆ. ಯಾಕೆ?
– ಓದುಗರು, ಜಗಳೂರು, ದಾವಣಗೆರೆ ಜಿಲ್ಲೆ

ಉತ್ತರ: ಸಾರ್ಟ್ ಮಾಡಿದ್ದು ಸರಿಯೇ. ಎಲ್ಲವನ್ನೂ ಎಲ್ಲದರ ಜೊತೆ ತಾಳೆ ನೋಡಹೊರಟರೆ 200 ಸಾಲಿಗೆ 19,900 ಹೋಲಿಕೆ. ಸಾರ್ಟ್ ಆದಮೇಲೆ 199 ಸಾಕು. ತಪ್ಪಿದ್ದು ಮೇಲಿನ ಒಂದೇ ಸಾಲನ್ನು ನೋಡಿದ್ದರಲ್ಲಿ. ಒಂದೇ ಮಿಷನ್‌ಗೆ ಮೊದಲ ಬುಕ್ಕಿಂಗ್ 8ರಿಂದ 18 ಗಂಟೆ, ಎರಡನೆಯದು 9ರಿಂದ 11, ಮೂರನೆಯದು 12ರಿಂದ 14 ಎಂದಿಟ್ಟುಕೊಳ್ಳಿ. ಎರಡಕ್ಕೂ ಮೂರಕ್ಕೂ ತಕರಾರಿಲ್ಲ. ಆದರೆ ಮೊದಲನೆಯವರ ಕಣದಲ್ಲಿ ಮಿಷನ್ ಸಂಜೆ 6ರ ತನಕ ಓಡುತ್ತಲೇ ಇರುತ್ತದಲ್ಲ! ಪ್ರತಿ ಸಾಲಿಗೂ, ಅದರ ಮೇಲೆ ಅದೇ ಮಿಷನ್‌ಗೆ ಬಂದ ಮುಕ್ತಾಯದ ವೇಳೆಗಳಲ್ಲಿ ಎಲ್ಲಕ್ಕಿಂತ ತಡವಾದದ್ದನ್ನು ಹಿಡಿದಿಟ್ಟುಕೊಂಡು ಅದರ ಜೊತೆ ಹೋಲಿಸಬೇಕು.

ಎ ಕಾಲಂ ಮಿಷನ್ ನಂಬರ್, ಬಿ ಆರಂಭ, ಸಿ ಮುಕ್ತಾಯ. ಇಡೀ ಪಟ್ಟಿ ಸೆಲೆಕ್ಟ್ ಮಾಡಿ ಮೊದಲು ಎ, ಆಮೇಲೆ ಬಿ ಪ್ರಕಾರ ಸಾರ್ಟ್ ಮಾಡಿ. ಬಿ ಒಂದನ್ನೇ ಸಾರ್ಟ್ ಮಾಡಿದರೆ ಯಾರದೋ ವೇಳೆ ಯಾರದೋ ಹೆಸರಿಗೆ ಬೀಳುತ್ತದೆ. ಡಿ ಕಾಲಂನ ಮೊದಲ ಸಾಲಿಗೆ ಅಲ್ಲಿನ ಸಿ ವೇಳೆಯೇ. ಮುಂದೆ, ಮಿಷನ್ ನಂಬರ್ ಮೇಲಿನದೇ ಆಗಿದ್ದರೆ ಮೇಲಿನ ಡಿ, ಈ ಸಾಲಿನ ಸಿ ಎರಡರಲ್ಲಿ ದೊಡ್ಡದು; ನಂಬರ್ ಬದಲಾದರೆ ಬರೀ ಸಿ. ಇಫ್, ಮ್ಯಾಕ್ಸ್ ಎರಡೇ ಫಂಕ್ಷನ್ ಬೇಕು. ಇ ಕಾಲಂನಲ್ಲಿ, ನಂಬರ್ ಅದೇ ಇದ್ದು ಈ ಸಾಲಿನ ಬಿ ಮೇಲಿನ ಡಿಗಿಂತ ಕಡಿಮೆಯಾದರೆ ‘ಡಬಲ್’ ಎಂದು ಬರುವಂತೆ ಮಾಡಿ.

ಸಮವಾದರೆ ಡಬಲ್ ಅಲ್ಲ: 11ಕ್ಕೆ ಮುಗಿದದ್ದು 11ಕ್ಕೇ ಇನ್ನೊಬ್ಬರಿಗೆ ಹೋಗಬಹುದು. ಇದು ಕಾಗದದ ಮಾತು. ಮಿಷನ್ ಟ್ರ್ಯಾಕ್ಟರ್ ಹಿಂದೆ ಊರಿಂದೂರಿಗೆ ಹೋಗಬೇಕು. ಆ ದಾರಿಯ ಒಂದು ಗಂಟೆಯನ್ನೂ ಮುಕ್ತಾಯಕ್ಕೇ ಸೇರಿಸಿ ಬರೆಯಿರಿ.

ಬಿ, ಸಿ ಎರಡರಲ್ಲೂ ತಾರೀಖು ಮತ್ತು ವೇಳೆ ಒಟ್ಟಿಗೇ ಇರಲಿ. ಬರೀ ವೇಳೆ ಬರೆದರೆ ರಾತ್ರಿ 10ಕ್ಕೆ ಶುರುವಾಗಿ 1ಕ್ಕೆ ಮುಗಿಯುವ ಕೆಲಸದ ಮುಕ್ತಾಯ ಆರಂಭಕ್ಕಿಂತ ಚಿಕ್ಕದಾಗಿ, ಲೆಕ್ಕ ಕೆಡುತ್ತದೆ. ಕಂಪ್ಯೂಟರ್‌ನ ತಾರೀಖು ಸೆಟ್ಟಿಂಗ್ ಅಮೆರಿಕದ ಕ್ರಮದಲ್ಲಿದ್ದರೆ 03-11 ಎಂಬುದು ಮಾರ್ಚ್ 11 ಆಗುತ್ತದೆ; ವರ್ಷ ಸಹಿತ ಬರೆದ 13-11 ತಾರೀಖೇ ಆಗದೆ ಅಕ್ಷರವಾಗಿ ಉಳಿದು, ಸೆಲ್‌ನ ಎಡಕ್ಕೆ ಅಂಟಿಕೊಂಡಿರುತ್ತದೆ. ಸಾರ್ಟ್‌ಗೆ ಮುಂಚೆ ಈ ಎಡಕ್ಕೆ ಅಂಟಿದವನ್ನು ಹುಡುಕಿ ಸರಿಪಡಿಸಿ.

ಫೋನ್‌ನಲ್ಲಿ ಹೊಸ ಬುಕ್ಕಿಂಗ್ ಬಂದಾಗ ಇಷ್ಟೆಲ್ಲ ಬೇಡ. ಹೊಸದರ ಆರಂಭ ಹಳೆಯದರ ಮುಕ್ತಾಯಕ್ಕಿಂತ ಮುಂಚೆ, ಹಳೆಯದರ ಆರಂಭ ಹೊಸದರ ಮುಕ್ತಾಯಕ್ಕಿಂತ ಮುಂಚೆ, ಎರಡೂ ನಿಜವಾದರೆ ಡಬಲ್ ಬುಕ್ಕಿಂಗ್. ಬೇರೆ ಮಿಷನ್ ನೋಡಿ.