ಅಮ್ಮನಿಗೆ ಅಡಾಲಿಮುಮಾಬ್ ಮದ್ದು ತುಂಬಿದ ಇಂಜೆಕ್ಷನ್ ಪೆನ್ ಚುಚ್ಚುವಾಗ ಮದ್ದು ತೊಡೆಯ ಮೇಲೆ ಹರಿದುಹೋಯಿತು. ಇನ್ನೊಂದು ಪೆನ್ ಚುಚ್ಚಬೇಕಾ?

ಬೇಡ. ಇನ್ನೊಂದು ಪೆನ್ ಫ್ರಿಜ್‌ನಲ್ಲೇ ಇರಲಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಎಷ್ಟು ಒಳಗೆ ಹೋಯಿತು, ಎಷ್ಟು ಹೊರಗೆ ಬಿತ್ತು ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಅರ್ಧ ಒಳಗೆ ಹೋಗಿದ್ದು, ನೀವು ಇನ್ನೊಂದು ಪೂರ್ತಿ ಕೊಟ್ಟರೆ ಒಂದೂವರೆ ಡೋಸ್ ಆಗುತ್ತದೆ. ರಾತ್ರಿಯೇ ತೀರ್ಮಾನ ಮಾಡುವಂಥ ಅವಸರವೂ ಇಲ್ಲ. ನೀವು ಬರೆದಿರುವುದು ಅಡಾಲಿಮುಮಾಬ್ ಬಗ್ಗೆ ಅಲ್ವಾ? ಅದು ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 2 ವಾರ ಬೇಕು. ಬೆಳಗಿನ ತನಕ ಕಾಯಬಹುದು.

ನಾನು ಡಾಕ್ಟರ್ ಅಲ್ಲ. ಕೀಲು ಊದಿ ನೋಯುವ ರುಮಟಾಯ್ಡ್ ಆರ್ಥ್ರೈಟಿಸ್‌ಗೆ ಇದೇ ಮದ್ದನ್ನು ಎರಡು ವಾರಕ್ಕೊಮ್ಮೆ ನಾನೇ ಚುಚ್ಚಿಕೊಳ್ಳುತ್ತೇನೆ. ಎರಡು ಪೆನ್ ಹಾಳು ಮಾಡಿದ್ದೇನೆ, ಅದೇ ನನ್ನ ಓದು.

ಮೊದಲು ಎಷ್ಟು ಹರಿದಿದೆ ಅಂತ ಯೋಚಿಸಿ. ನನ್ನ ಪೆನ್‌ನಲ್ಲಿ 40 ಮಿಲಿಗ್ರಾಂ ಮದ್ದು ಇರುವುದು 0.8 ಮಿಲಿ ನೀರಿನಂಥ ದ್ರವದಲ್ಲಿ. ಟೀ ಚಮಚಕ್ಕೆ 5 ಮಿಲಿ ಹಿಡಿಯುತ್ತದೆ. ಅಂದರೆ ಇಡೀ ಡೋಸೇ ಹೆಚ್ಚುಕಮ್ಮಿ 16 ಹನಿ. ಕೆಲವು ಪೆನ್‌ಗಳಲ್ಲಿ 0.4 ಮಿಲಿ ಮಾತ್ರ. ಸೂಜಿ ತೆಗೆದ ಜಾಗದಲ್ಲಿ ಒಂದು ಹನಿ ನಿಂತರೆ ಅದು ಮಾಮೂಲು, ಹತ್ತಿ ಒತ್ತಿ ಸುಮ್ನಾಗಿ, ಉಜ್ಜಬೇಡಿ. ಆದರೆ ಹರಿದು ಇಳಿದು ಬಟ್ಟೆ ಒದ್ದೆಯಾಗಿದ್ದರೆ ದೊಡ್ಡ ಪಾಲೇ ಹೋಗಿದೆ ಅಂತ ಲೆಕ್ಕ.

ನನ್ನ ಮೊದಲ ಪೆನ್ ಹೋಗಿದ್ದು 'ಟಕ್' ಶಬ್ದದಿಂದ. ಜೋರಾಗಿ ಟಕ್ ಅಂತು, ಮುಗೀತು ಅಂದುಕೊಂಡು ಎತ್ತಿಬಿಟ್ಟೆ. ಆ ಟಕ್ ಮದ್ದು ಹೊರಟಿತು ಅನ್ನುವುದಕ್ಕೆ! ಒಳಗೆ ಸ್ಪ್ರಿಂಗ್ ಇದೆ, ಅದು ಒಮ್ಮೆ ಬಿಟ್ಟುಕೊಂಡರೆ ಮದ್ದು ತಳ್ಳುತ್ತಲೇ ಇರುತ್ತದೆ. ಸೂಜಿ ಚರ್ಮದಲ್ಲಿದೆಯೋ ಗಾಳಿಯಲ್ಲಿದೆಯೋ ಅದಕ್ಕೆ ಗೊತ್ತಾಗಲ್ಲ. ನಿಮ್ಮಲ್ಲೂ ಹೀಗೇ ಆಗಿರಬಹುದು ಅಂತ ನನ್ನ ಅಂದಾಜು. ಈಗ ನಾನು ಟಕ್ ಅಂದ ಮೇಲೆ ನಿಧಾನವಾಗಿ 15ರ ತನಕ ಎಣಿಸುತ್ತೇನೆ. ಪೆನ್ನಿನ ಪುಟ್ಟ ಕಿಟಕಿಯಲ್ಲಿ ಹಳದಿ ಗುರುತು ಪೂರ್ತಿ ತುಂಬಿ ನಿಂತಿತಾ ಅಂತ ನೋಡುತ್ತೇನೆ, ಆಮೇಲೆ ನೆಟ್ಟಗೆ ಎತ್ತುತ್ತೇನೆ. ಕೆಲವು ಪೆನ್ ಮುಗಿದಾಗ ಎರಡನೇ ಟಕ್ ಕೊಡುತ್ತವೆ, ಬಣ್ಣವೂ ಬೇರೆ ಇರಬಹುದು. ಕೆಲವಕ್ಕೆ ಬಟನ್ನೇ ಇಲ್ಲ, ಚರ್ಮಕ್ಕೆ ಒತ್ತಿದರೆ ಸಾಕು. ಡಬ್ಬಿಯೊಳಗಿನ ಚೀಟಿ ನಿಮ್ಮ ಪೆನ್ನಿಗೆ ಏನು ಹೇಳುತ್ತದೋ ಅದೇ ಸರಿ, ನನ್ನ ಮಾತಲ್ಲ.

ಓರೆಯಾಗಿ ಹಿಡಿದರೂ ಸೋರುತ್ತದೆ. ವಯಸ್ಸಾದವರ ತೊಡೆ ಸಣಕಲಾಗಿದ್ದರೆ ಹೊಟ್ಟೆ ವಾಸಿ, ಹೊಕ್ಕುಳಿಂದ 5 ಸೆಂಟಿಮೀಟರ್ ಆಚೆ. ಪ್ರತಿ ಸಲ ಜಾಗ ಬದಲಾಯಿಸಿ.

ಒತ್ತಿದರೂ ಟಕ್ ಅನ್ನದೇ ಇದ್ದರೆ ಬಹಳ ಸಲ ಚರ್ಮಕ್ಕೆ ಒತ್ತಿದ್ದು ಸಾಲದು. ಎರಡು ಮುಚ್ಚಳ ಇರುವ ಪೆನ್ ಆದರೆ ಎರಡನ್ನೂ ತೆಗೆದಿದ್ದೀರಾ ನೋಡಿ. ಸೂಜಿ ಯಾವ ಕಡೆ ಅಂತ ಎರಡು ಸಲ ನೋಡಿ. ತಲೆಕೆಳಗಾಗಿ ಹಿಡಿದು ಹೆಬ್ಬೆರಳಿಗೇ ಚುಚ್ಚಿಕೊಂಡವರಿದ್ದಾರೆ. ಮುಚ್ಚಳವನ್ನು ತಿರುಚದೆ ನೇರವಾಗಿ ಎಳೆಯಿರಿ. ತೆಗೆದ ಮೇಲೆ ವಾಪಸ್ ಹಾಕಬೇಡಿ, ಸೂಜಿ ಬಾಗುತ್ತದೆ. ಬೆರಳ ಕೀಲು ಹಿಡಿದುಕೊಂಡವರಿಗೇ ಇಂಥ ಬಿಗಿ ಮುಚ್ಚಳ ಕೊಟ್ಟಿದ್ದಾರಲ್ಲ ಅಂತ ನನಗೆ ಈಗಲೂ ಸಿಟ್ಟು ಬರುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈ ಬಗ್ಗುವುದೇ ಇಲ್ಲ. ಹಾಗಾಗಿ ಚುಚ್ಚಿಕೊಳ್ಳುವುದು ಸಂಜೆ, ಮುಚ್ಚಳ ಎಳೆಯುವುದು ಮಗ.

ಎರಡನೇ ಪೆನ್ ಹೋಗಿದ್ದು ಮಂಜುಗಡ್ಡೆಯಿಂದ. ಮೆಡಿಕಲ್ ಶಾಪ್‌ನವರು ಐಸ್ ಪ್ಯಾಕ್‌ಗೆ ತಾಗಿಸಿಯೇ ಕಟ್ಟಿ ಕೊಟ್ಟಿದ್ದರು, ಮನೆಗೆ ಬರುವಷ್ಟರಲ್ಲಿ ಒಳಗೆ ಗಟ್ಟಿ! ಹೆಪ್ಪುಗಟ್ಟಿದ ಪೆನ್ ಕರಗಿ ತಿಳಿಯಾಗಿ ಕಂಡರೂ ಬಳಸುವಂತಿಲ್ಲ. ಇದು ಪ್ರೋಟೀನ್ ಮದ್ದು, ಹೆಪ್ಪುಗಟ್ಟಿದರೆ ಕೆಡುತ್ತದೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಒಂದೇ ಬಾಗಿಲಿನ ಫ್ರಿಜ್ ಆದರೆ ಫ್ರೀಜರ್ ಕೆಳಗಿನ ಮೊದಲ ತಟ್ಟೆ ಬೇಡ, ನಡುವಿನದರಲ್ಲಿ ಇಡಿ. ಕರೆಂಟ್ ಹೋದರೆ ಗಾಬರಿ ಬೇಡ, ಬಾಗಿಲು ತೆರೆಯದೆ ಬಿಡಿ. ಹಲವು ಕಂಪನಿಯ ಪೆನ್‌ಗಳು 25 ಡಿಗ್ರಿ ಮೀರದ ಜಾಗದಲ್ಲಿ 14 ದಿನ ಹೊರಗೆ ಇರಬಲ್ಲವು. ಆದರೆ ನಮ್ಮ ಏಪ್ರಿಲ್ ತಿಂಗಳ ಅಡುಗೆಮನೆ 25 ಡಿಗ್ರಿಯಲ್ಲಿ ಎಲ್ಲಿರುತ್ತದೆ ಹೇಳಿ.

ಚುಚ್ಚುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ, ಮುಚ್ಚಳ ಹಾಗೇ ಇರಲಿ. ತಣ್ಣಗಿದ್ದರೆ ಉರಿ ಜಾಸ್ತಿ. ಬಿಸಿನೀರಲ್ಲಿ ಅದ್ದುವುದು, ಕುಲುಕುವುದು ಎರಡೂ ಬೇಡ. ಗುಳ್ಳೆ ಕಂಡರೆ ತೊಂದರೆ ಇಲ್ಲ. ಕದಡಿದ್ದರೆ ಅಥವಾ ಚೂರು ತೇಲುತ್ತಿದ್ದರೆ ಬೇಡ.

ಇನ್ನೊಂದು ಮಾತು. ತಾಯಿಯವರಿಗೆ ಜ್ವರವೋ ಕೆಮ್ಮೋ ಇದ್ದರೆ ಅದನ್ನೂ ಅದೇ ಫೋನಿನಲ್ಲಿ ಹೇಳಿ. ಈ ಮದ್ದು ಸೋಂಕು ತಡೆಯುವ ಶಕ್ತಿಯನ್ನು ತಗ್ಗಿಸುತ್ತದೆ. ಶುರು ಮಾಡುವ ಮೊದಲು ಟಿಬಿ ಪರೀಕ್ಷೆ ಮಾಡಿಸಿದ್ದು ಅದಕ್ಕೇ.

ಸೋರಿದ ಪೆನ್ ಎಸೆಯಬೇಡಿ. ಅದರ ಮೇಲಿನ ಬ್ಯಾಚ್ ನಂಬರ್ ಮತ್ತು ಡಬ್ಬಿಯ ಫೋಟೋ ತೆಗೆದಿಟ್ಟುಕೊಳ್ಳಿ. ಪೆನ್ನಿನದೇ ದೋಷ ಅಂತಾದರೆ ಕಂಪನಿಗೆ ದೂರು ಕೊಡಲು ಬೇಕಾಗುತ್ತದೆ. ಬದಲಿ ಪೆನ್ ಕೇಳಿ ನೋಡಿ, ನಾಚಿಕೆ ಬೇಡ. ಅಲ್ಲಿಯತನಕ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಡಿ. ನಾನು ಹಳೇ ಪೆನ್‌ಗಳನ್ನೆಲ್ಲ ಹಾಗೇ ಕೂಡಿಟ್ಟು, ಚೆಕಪ್‌ಗೆ ಹೋದಾಗ ಆಸ್ಪತ್ರೆಯಲ್ಲಿ ಕೊಟ್ಟು ಬರುತ್ತೇನೆ. ಕಸದ ಗಾಡಿಗೆ ಹಾಕಿದರೆ ಅದನ್ನು ಬೇರ್ಪಡಿಸುವ ಹೆಂಗಸರ ಬರಿಗೈಗೆ ಸೂಜಿ ಚುಚ್ಚುತ್ತದೆ.